ಮುಟ್ಟಿ ನೋಡಿದ ಗೋಳ, ಕಣ್ಣಿಗೆ ಬಿದ್ದ ಗೋಳ

ಕನ್ನಡದಲ್ಲಿ ನಾವು ಎಲ್ಲವನ್ನೂ ‘ನೋಡು’ತ್ತೇವೆ. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವೆ, ಸಾರಿಗೆ ಉಪ್ಪು ಸಾಕೇ ಎಂದು ರುಚಿ ನೋಡುತ್ತೇವೆ, ಹಾಲು ಕೆಟ್ಟಿದೆಯೇ ಎಂದು ಮೂಸಿ ನೋಡುತ್ತೇವೆ. ಐದೂ ಇಂದ್ರಿಯಗಳಿಗೆ ಒಂದೇ ಕ್ರಿಯಾಪದ. ಬೆರಳು ತಿಳಿಸಿದ್ದೂ ಕಣ್ಣು ತಿಳಿಸಿದ್ದೂ ಕೊನೆಗೆ ಒಂದೇ ಖಾತೆಗೆ ಜಮೆಯಾಗುತ್ತವೆ ಎಂಬ ನಂಬಿಕೆ ನಮ್ಮ ಮಾತಿನೊಳಗೇ ಕೂತಿದೆ. ಆ ನಂಬಿಕೆ ಸರಿಯೇ ಎಂದು 17ನೆಯ ಶತಮಾನದ ಡಬ್ಲಿನ್‌ನಲ್ಲಿ ಒಬ್ಬಾತ ಕೇಳಿದ. ಪಾಶ್ಚಾತ್ಯ ಜ್ಞಾನಮೀಮಾಂಸೆಯಲ್ಲಿ, ಅಂದರೆ ನಮಗೆ ತಿಳಿವು ಹೇಗೆ ಬರುತ್ತದೆ ಎಂಬ ವಿಚಾರದಲ್ಲಿ, ಇಷ್ಟು ಚಿಕ್ಕದಾಗಿ ಇಷ್ಟು ಆಳಕ್ಕೆ ಇಳಿಯುವ ಪ್ರಶ್ನೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೇಳಿದವನು ವಿಲಿಯಂ ಮೊಲಿನ್ಯೂ (1656–1698). ಮಸೂರ, ದೂರದರ್ಶಕಗಳ ಶಾಸ್ತ್ರ ಬಲ್ಲವನು. 1683ರಲ್ಲಿ ಡಬ್ಲಿನ್ ಫಿಲಸಾಫಿಕಲ್ ಸೊಸೈಟಿಯನ್ನು ಕಟ್ಟಿದವನು. ಮದುವೆಯಾದ ಸ್ವಲ್ಪ ದಿನಕ್ಕೇ ಅವನ ಹೆಂಡತಿ ಲೂಸಿಯ ಕಣ್ಣು ಹೋಯಿತು. ಬೆಳಕಿನ ಬಗ್ಗೆ ಬರೆಯುತ್ತಿದ್ದವನ ಮನೆಯಲ್ಲೇ ಕತ್ತಲೆ ಇತ್ತು. ಮನುಷ್ಯನ ತಿಳಿವಿನ ಬಗ್ಗೆ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಬರೆದ ದೊಡ್ಡ ಗ್ರಂಥದ ಸಾರಾಂಶ ಮೊದಲು ಫ್ರೆಂಚ್ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅದನ್ನು ಓದಿದ ಮೊಲಿನ್ಯೂ 1688ರ ಜುಲೈ 7ರಂದು ತನ್ನ ಪ್ರಶ್ನೆಯನ್ನು ಬರೆದು ಕಳಿಸಿದ. ಉತ್ತರ ಬರಲಿಲ್ಲ. ಇಬ್ಬರ ನಡುವೆ ಸ್ನೇಹ ಬೆಳೆದ ಮೇಲೆ, 1693ರ ಮಾರ್ಚ್‌ನಲ್ಲಿ ಮತ್ತೆ ಕೇಳಿದ. ಈ ಸಲ ಲಾಕ್ ಅದನ್ನು ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಗೆ, ಎರಡನೆಯ ಭಾಗದ ಒಂಬತ್ತನೆಯ ಅಧ್ಯಾಯಕ್ಕೆ ಸೇರಿಸಿಕೊಂಡ.

ಪ್ರಶ್ನೆ ಹೀಗಿದೆ. ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಮನುಷ್ಯ. ಈಗ ಬೆಳೆದು ದೊಡ್ಡವನಾಗಿದ್ದಾನೆ. ಒಂದೇ ಲೋಹದಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಮಾಡಿದ ಒಂದು ಗೋಳ, ಒಂದು ಘನ. ಅಂದರೆ ಒಂದು ಗುಂಡು, ಒಂದು ಲೂಡೋ ದಾಳದಂಥ ಆಕಾರ. ಇವೆರಡನ್ನೂ ಅವನು ಮುಟ್ಟಿ ಗುರುತಿಸಬಲ್ಲ. ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದಾರೆ. ಅವನಿಗೆ ಕಣ್ಣು ಬಂತು ಎಂದುಕೊಳ್ಳಿ. ಮುಟ್ಟುವ ಮೊದಲೇ, ಬರೀ ನೋಟದಿಂದ, ಯಾವುದು ಗೋಳ ಯಾವುದು ಘನ ಎಂದು ಹೇಳಬಲ್ಲನೇ?

ಒಂದೊಂದು ಷರತ್ತಿಗೂ ಕಾರಣ ಇದೆ. ಲೋಹ ಒಂದೇ ಆಗಿರಬೇಕು, ಇಲ್ಲದಿದ್ದರೆ ಬಣ್ಣ, ಹೊಳಪು ಸುಳಿವು ಕೊಟ್ಟಾವು. ಗಾತ್ರ ಒಂದೇ ಇರಬೇಕು, ಇಲ್ಲದಿದ್ದರೆ ‘ದೊಡ್ಡದು’ ಎಂಬುದರ ಮೇಲೆ ಊಹಿಸಬಹುದು. ಮನುಷ್ಯ ದೊಡ್ಡವನಾಗಿರಬೇಕು, ಆಕಾರಗಳ ಹೆಸರೂ ಸ್ಪರ್ಶದ ಅಭ್ಯಾಸವೂ ಗಟ್ಟಿಯಾಗಿರಬೇಕು. 1688ರ ಪತ್ರದಲ್ಲಿ ಇನ್ನೊಂದು ಭಾಗವೂ ಇತ್ತು: ಆ ವಸ್ತುಗಳು 20 ಅಡಿಯೋ 1000 ಅಡಿಯೋ ದೂರದಲ್ಲಿದ್ದರೆ, ಕೈ ಚಾಚಿದರೂ ಎಟುಕುವುದಿಲ್ಲ ಎಂದು ಚಾಚುವ ಮೊದಲೇ ಅವನಿಗೆ ತಿಳಿಯುವುದೇ? ಎರಡನೆಯ ಪತ್ರದಲ್ಲಿ ದೂರದ ಮಾತು ಬಿಟ್ಟುಹೋಯಿತು. ನನ್ನ ಮಟ್ಟಿಗೆ ಅದೊಂದು ನಷ್ಟ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊಲಿನ್ಯೂನ ಉತ್ತರ: ಹೇಳಲಾರ. ಮೂಲೆಯೊಂದು ಅಂಗೈಯನ್ನು ಚುಚ್ಚುವುದು ಹೇಗೆಂದು ಅವನಿಗೆ ಗೊತ್ತು. ಹಾಗೆ ಚುಚ್ಚುವಂಥದ್ದು ಕಣ್ಣಿಗೆ ಹೇಗೆ ಕಂಡೀತು ಎಂಬ ಅನುಭವ ಅವನಿಗೆ ಇನ್ನೂ ಇಲ್ಲ. ಲಾಕ್ ಒಪ್ಪಿದ. ಒಪ್ಪುವಾಗ ಎರಡು ಮಾತು ಸೇರಿಸಿದ: ‘ಮೊದಲ ನೋಟಕ್ಕೆ’, ‘ಖಚಿತವಾಗಿ’. ಈ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಿ.

ಲಾಕ್ ಒಪ್ಪಿದ್ದು ಅಷ್ಟು ಸಲೀಸಾದ ಮಾತಲ್ಲ. ಅದೇ ಗ್ರಂಥದಲ್ಲಿ ಸ್ವಲ್ಪ ಹಿಂದೆ ಅವನು ನೀರಿನ ಉದಾಹರಣೆ ಕೊಟ್ಟಿದ್ದಾನೆ. ಅದನ್ನು ಮನೆಯಲ್ಲೇ ಮಾಡಬಹುದು, ಮಾಡಲೇಬೇಕು. ಓದಿ ತಲೆಯಾಡಿಸುವುದಕ್ಕೂ ಕೈಗೆ ತಿಳಿಯುವುದಕ್ಕೂ ಬಹಳ ಅಂತರ. ಮೂರು ಪಾತ್ರೆ ಸಾಲಾಗಿ ಇಡಿ. ಎಡಗಡೆಯದರಲ್ಲಿ ಸ್ನಾನಕ್ಕೆ ಹದವಾದ ಬಿಸಿನೀರು, ಸುಮಾರು 40 ಡಿಗ್ರಿ ಸೆಲ್ಸಿಯಸ್. ಬಲಗಡೆಯದರಲ್ಲಿ ಫ್ರಿಜ್ ನೀರು ಬೆರೆಸಿದ ತಣ್ಣೀರು, 15 ಡಿಗ್ರಿ ಆಸುಪಾಸು. ನಡುವೆ ಉಗುರುಬೆಚ್ಚಗಿನದು. ಎಡಗೈ ಬಿಸಿಯಲ್ಲಿ, ಬಲಗೈ ತಣ್ಣನೆಯದರಲ್ಲಿ, ಮಣಿಕಟ್ಟಿನವರೆಗೆ, ಪೂರ್ತಿ ಒಂದು ನಿಮಿಷ. ಆಮೇಲೆ ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಗೆ ಅದ್ದಿ. ಒಂದೇ ನೀರು ಎಡಗೈಗೆ ತಣ್ಣಗೆ, ಬಲಗೈಗೆ ಬೆಚ್ಚಗೆ. ಹತ್ತು ಸೆಕೆಂಡಿಗೇ ಕೈ ತೆಗೆದರೆ ಚರ್ಮ ಇನ್ನೂ ಹೊಂದಿಕೊಂಡಿರುವುದಿಲ್ಲ, ವ್ಯತ್ಯಾಸ ಮಸುಕಾಗುತ್ತದೆ. ನಡುವಿನ ಪಾತ್ರೆ ಚಿಕ್ಕದಾದರೆ ಎರಡು ಕೈ ಸೇರಿ ಅದರ ಹದವನ್ನೇ ಬದಲಿಸಿಬಿಡುತ್ತವೆ.

ಒಂದೇ ನೀರು ಬೆಚ್ಚಗೂ ತಣ್ಣಗೂ ಇರಲಾರದು. ಆದ್ದರಿಂದ ಆ ಬಿಸಿ, ಆ ತಂಪು ನೀರಿನಲ್ಲಿ ಹಾಗೆಯೇ ಕೂತಿಲ್ಲ. ನಮ್ಮ ಮೈ ಅದಕ್ಕೆ ತೋರುವ ಪ್ರತಿಕ್ರಿಯೆ ಅದು ಎನ್ನುತ್ತಾನೆ ಲಾಕ್. ಬಣ್ಣ, ರುಚಿ, ವಾಸನೆಗಳೂ ಅದೇ ಸಾಲಿಗೆ ಸೇರಿದವು: ದ್ವಿತೀಯಕ ಗುಣಗಳು. ಆಕಾರ, ಗಾತ್ರ, ಚಲನೆ ಹಾಗಲ್ಲ, ಅವು ವಸ್ತುವಿನಲ್ಲೇ ಇರುವ ಪ್ರಾಥಮಿಕ ಗುಣಗಳು. ಇದಕ್ಕೆ ಅವನು ಕೊಡುವ ಪುರಾವೆ ಸರಳ: ಒಂದು ಕೈಗೆ ಗೋಳ ಅನ್ನಿಸಿದ್ದು ಇನ್ನೊಂದು ಕೈಗೆ ಎಂದೂ ಚೌಕ ಅನ್ನಿಸುವುದಿಲ್ಲ. ನಡುವಿನ ಪಾತ್ರೆಯಲ್ಲಿ ಒಂದು ಸ್ಟೀಲ್ ಲೋಟ ಮುಳುಗಿಸಿಟ್ಟು ನೋಡಿ. ಲೋಟದ ಬಿಸಿಯ ಬಗ್ಗೆ ಎರಡು ಕೈ ಜಗಳವಾಡುತ್ತವೆ, ಅಂಚಿನ ದುಂಡಿನ ಬಗ್ಗೆ ಆಡುವುದಿಲ್ಲ.

ಎರಡು ಕೈಗಳ ನಡುವೆ ಆಕಾರದ ಬಗ್ಗೆ ತಕರಾರಿಲ್ಲ, ಸರಿ. ಒಂದು ಕೈ ಮತ್ತು ಒಂದು ಕಣ್ಣಿನ ನಡುವೆ? ಆಕಾರದ ಕಲ್ಪನೆ ನೋಟದಿಂದಲೂ ಸ್ಪರ್ಶದಿಂದಲೂ ಬರುತ್ತದೆ ಎಂದು ಲಾಕ್‌ನೇ ಬರೆದಿದ್ದಾನೆ. ಎರಡೂ ಬಾಗಿಲಿಂದ ಬರುವುದು ಒಂದೇ ಕಲ್ಪನೆಯಾದರೆ, ಒಂದು ಬಾಗಿಲಿಂದ ಬಂದಾಗ ಪರಿಚಯವಾದದ್ದು ಇನ್ನೊಂದು ಬಾಗಿಲಿಂದ ಬಂದಾಗ ಅಪರಿಚಿತ ಯಾಕೆ? ಲಾಕ್‌ನ ಕಡೆಯಿಂದ ಒಂದು ಸಮಾಧಾನ ಇದೆ. ಗೋಳವನ್ನು ನೋಡಿದಾಗ ಕಣ್ಣಿಗೆ ಸಿಗುವುದು ನೆರಳು ಬೆಳಕು ಹರಡಿದ ಒಂದು ಚಪ್ಪಟೆ ವೃತ್ತ ಮಾತ್ರ. ಅದನ್ನು ಉಬ್ಬಿದ ಗೋಳ ಎಂದು ತಿದ್ದುವುದು ರೂಢಿಯಿಂದ ಬಂದ ತೀರ್ಮಾನ, ಅದೂ ನಮಗೆ ಗೊತ್ತಾಗದಷ್ಟು ಬೇಗ. ಹೊಸದಾಗಿ ಕಣ್ಣು ಬಂದವನಿಗೆ ಆ ರೂಢಿ ಇಲ್ಲ. ಈ ಸಮಾಧಾನ ಗೋಳಕ್ಕೆ ಸಾಕು. ಆದರೆ ಗೋಳದ ಬದಲು ತಗಡಿನಲ್ಲಿ ಕತ್ತರಿಸಿದ ವೃತ್ತ, ಘನದ ಬದಲು ಚೌಕ ಇಟ್ಟರೆ? ಆಗ ತಿದ್ದುವುದಕ್ಕೇನೂ ಇಲ್ಲ. ಲಾಕ್‌ನ ‘ಇಲ್ಲ’ ಅಲ್ಲಿ ಕಾಲು ಜಾರುತ್ತದೆ.

ಐರ್ಲೆಂಡಿನ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಜಾರಲಿಲ್ಲ. 1709ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ನೋಟದ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಕಡ್ಡಿ ಮುರಿದಂತೆ ಹೇಳಿದ: ಕಾಣುವ ಚೌಕವೇ ಬೇರೆ, ಮುಟ್ಟುವ ಚೌಕವೇ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟಿದ್ದೇವೆ, ಅಷ್ಟೇ. ಅವು ಜೊತೆಜೊತೆಗೆ ಬರುವುದನ್ನು ಸಾವಿರ ಸಲ ಕಂಡು ಒಂದನ್ನು ಇನ್ನೊಂದರ ಗುರುತಾಗಿ ಓದಲು ಕಲಿತಿದ್ದೇವೆ. ದೂರವನ್ನೂ ಹಾಗೆಯೇ, ಕಣ್ಣು ನೇರವಾಗಿ ಕಾಣುವುದಿಲ್ಲ. ಹಾಗಾದರೆ ಕಾಣುವ ಚೌಕಕ್ಕೆ ನಾಲ್ಕು ಮೂಲೆ ಇರುವುದು, ಮುಟ್ಟುವ ಚೌಕಕ್ಕೂ ನಾಲ್ಕೇ ಇರುವುದು ಬರೀ ಕಾಕತಾಳೀಯವೇ? ಈ ಆಕ್ಷೇಪವನ್ನು ಅವನೇ ಎತ್ತಿಕೊಂಡು, ಬರಹ ಮತ್ತು ಉಚ್ಚಾರದ ಹೋಲಿಕೆಯಿಂದ ಉತ್ತರಿಸುತ್ತಾನೆ. ಅಕ್ಷರಗಳು ಧ್ವನಿಗಳಿಗೆ ಒಂದಕ್ಕೊಂದರಂತೆ ಹೊಂದುತ್ತವೆ. ಹಾಗೆಂದು ಮಸಿಯ ಗೆರೆ ಧ್ವನಿಯಂತೆ ಇರುವುದಿಲ್ಲ.

ಕನ್ನಡ ಓದುಗರಿಗೆ ಈ ಹೋಲಿಕೆ ಇಂಗ್ಲಿಷ್ ಓದುಗರಿಗಿಂತ ಬೇಗ ಹತ್ತುತ್ತದೆ, ನಮ್ಮ ಲಿಪಿ ಉಚ್ಚಾರಕ್ಕೆ ಅಷ್ಟು ಹತ್ತಿರ. ಕನ್ನಡ ಚೆನ್ನಾಗಿ ಮಾತಾಡುವ, ಓದು ಬರಹ ಕಲಿಯದ ಒಬ್ಬರ ಮುಂದೆ ಎರಡು ಚೀಟಿ ಇಡಿ. ಒಂದರಲ್ಲಿ ‘ಬಾ’, ಇನ್ನೊಂದರಲ್ಲಿ ‘ಬೆಳಗಾವಿ’. ಏನೂ ಹೇಳದೆ ‘ಏನು ಬರೆದಿದೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಒಂದರಲ್ಲಿ ಬಾ ಅಂತಿದೆ, ಇನ್ನೊಂದರಲ್ಲಿ ಬೆಳಗಾವಿ ಅಂತಿದೆ, ಯಾವುದು ಯಾವುದು?’ ಎಂದು ಕೇಳಿದರೆ? ಒಂದು ಕ್ಷಣ ಯೋಚಿಸಿ, ಉದ್ದದ್ದೇ ಬೆಳಗಾವಿ ಎಂದು ಸರಿಯಾಗಿ ತೋರಿಸುತ್ತಾರೆ.

ಜರ್ಮನ್ ತತ್ವಜ್ಞಾನಿ ಲೈಬ್ನಿಜ್‌ನ ಉತ್ತರ ಇರುವುದು ಇಲ್ಲಿ. ಲಾಕ್‌ನಿಗೆ ಅಧ್ಯಾಯವಾರು ಎದುರುತ್ತರವಾಗಿ ಅವನೊಂದು ದೊಡ್ಡ ಪುಸ್ತಕ ಬರೆದ. 1704ರಲ್ಲಿ ಲಾಕ್ ತೀರಿಕೊಂಡಾಗ, ಉತ್ತರಿಸಲು ಆಗದವನ ವಿರುದ್ಧ ಅಚ್ಚು ಹಾಕಿಸುವುದು ಬೇಡವೆಂದು ಹಸ್ತಪ್ರತಿಯನ್ನು ಎತ್ತಿಟ್ಟ. ಅದು ಹೊರಬಂದದ್ದು 1765ರಲ್ಲಿ, ಲೈಬ್ನಿಜ್ ಕೂಡ ಸತ್ತು ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದ ಮೇಲೆ. ಮೊಲಿನ್ಯೂನ ಮನುಷ್ಯ ಹೇಳಬಲ್ಲ ಎಂಬುದು ಅವನ ಉತ್ತರ. ಆದರೆ ಮುಂದಿರುವುದು ಗೋಳ ಮತ್ತು ಘನ ಎಂದು ಮೊದಲೇ ತಿಳಿಸಿರಬೇಕು, ಯೋಚಿಸಲು ಬಿಡುವು ಕೊಡಬೇಕು, ಹೊಸ ಬೆಳಕಿನ ಗೊಂದಲ ಇಳಿದಿರಬೇಕು. ಗೋಳದ ಮೈಯಲ್ಲಿ ವಿಶೇಷವಾದ ಬಿಂದು ಎಂಬುದೇ ಇಲ್ಲ, ಎಲ್ಲ ಕಡೆಯೂ ಒಂದೇ ಸಮ. ಘನಕ್ಕೆ ಎಂಟು ಮೂಲೆ. ಕಣ್ಣಿಲ್ಲದವನೂ ರೇಖಾಗಣಿತ ಕಲಿಯಬಲ್ಲ, ಕೈ ಸ್ವಾಧೀನವಿಲ್ಲದವನೂ ಕಲಿಯಬಲ್ಲ. ಇಬ್ಬರ ಇಂದ್ರಿಯಚಿತ್ರಗಳು ಬೇರೆಯಾದರೂ ಇಬ್ಬರೂ ಮುಟ್ಟುವ ಗಣಿತ ಒಂದೇ.

ತಿಳಿವೆಲ್ಲ ಅನುಭವದಿಂದ ಎನ್ನುವ ಅನುಭವವಾದಿ ಲಾಕ್ ‘ಇಲ್ಲ’ ಎಂದ, ಬುದ್ಧಿಯೇ ಮೂಲ ಎನ್ನುವ ಬುದ್ಧಿವಾದಿ ಲೈಬ್ನಿಜ್ ‘ಹೌದು’ ಎಂದ ಎಂದು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸಾರಾಂಶ ಕೊಡುತ್ತವೆ. ಈ ಸಾರಾಂಶ ನನಗೆ ಒಪ್ಪಿಗೆಯಿಲ್ಲ. ‘ಮೊದಲ ನೋಟಕ್ಕೆ, ಖಚಿತವಾಗಿ’ ಎಂದ ಲಾಕ್‌ಗೂ ‘ಮೊದಲೇ ತಿಳಿಸಿ, ಬಿಡುವು ಕೊಟ್ಟರೆ’ ಎಂದ ಲೈಬ್ನಿಜ್‌ಗೂ ನೇರ ಡಿಕ್ಕಿಯೇ ಆಗಿಲ್ಲ. ಇಬ್ಬರೂ ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ ಹೇಳುತ್ತಿದ್ದಾರೆ. ಲೈಬ್ನಿಜ್‌ನ ಪರೀಕ್ಷೆಯಲ್ಲಿ ಪಾಸಾದರೂ ಬರ್ಕ್ಲಿ ಸೋಲುವುದಿಲ್ಲ. ಚೀಟಿಗಳನ್ನು ಸರಿಯಾಗಿ ಬೇರ್ಪಡಿಸಿದವರಿಗೆ ‘ಬೆಳಗಾವಿ’ ಓದಲು ಬಂತು ಎನ್ನುತ್ತೇವೆಯೇ? ಅವರು ಎಣಿಸಿದರು, ಓದಲಿಲ್ಲ. ಕೈಯ ಚೌಕ ಮತ್ತು ಕಣ್ಣಿನ ಚೌಕ ಒಂದೇ ಕಲ್ಪನೆಯೇ ಅಥವಾ ಹೊಂದಿಕೆಯಾಗುವ ಎರಡೇ ಎಂಬುದು ನಿಜವಾದ ಜಗಳ. ಅದು ಲಾಕ್ ಮತ್ತು ಬರ್ಕ್ಲಿಯ ನಡುವಿನದು.

(ನಮ್ಮಲ್ಲಿ ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಶುರುವಾಗುವುದೇ ‘ದರ್ಶನಸ್ಪರ್ಶನಾಭ್ಯಾಮೇಕಾರ್ಥಗ್ರಹಣಾತ್’ ಎಂದು. ನೋಡಿದ್ದನ್ನೇ ಮುಟ್ಟಿದೆ ಎಂದು ಒಂದೇ ವಸ್ತುವನ್ನು ಗ್ರಹಿಸುತ್ತೇವೆ, ಆದ್ದರಿಂದ ಇಂದ್ರಿಯಗಳಿಗಿಂತ ಬೇರೆಯಾದ ಆತ್ಮ ಇದೆ ಎಂಬ ವಾದ. ನೈಯಾಯಿಕರು ಆಧಾರವಾಗಿ ಹಿಡಿದ ಜಾಗವನ್ನೇ ಮೊಲಿನ್ಯೂ ಪ್ರಶ್ನೆಯಾಗಿ ಎತ್ತಿದ. ಎರಡು ಪರಂಪರೆಗಳಿಗೆ ಇಲ್ಲಿ ಕೊಡುಕೊಳ್ಳುವಿಕೆ ಇದ್ದಿಲ್ಲ, ಆದರೆ ಅಕ್ಕಪಕ್ಕ ಇಟ್ಟು ಓದಬೇಕಾದ ಪುಟಗಳು ಇವು.)

1728ರಲ್ಲಿ ವಿಷಯ ಪುಸ್ತಕದಿಂದ ಆಸ್ಪತ್ರೆಗೆ ಬಂತು. ವಿಲಿಯಂ ಚೆಸಲ್ಡನ್ ಎಂಬ ಲಂಡನ್ನಿನ ಶಸ್ತ್ರವೈದ್ಯ, ಹುಟ್ಟಿನಿಂದಲೇ ಅಥವಾ ನೆನಪು ಮೂಡುವ ಮೊದಲೇ ದೃಷ್ಟಿ ಕಳೆದುಕೊಂಡಿದ್ದ ಹದಿಮೂರರ ಸುಮಾರಿನ ಹುಡುಗನ ಕಣ್ಣಿನ ಪೊರೆಗೆ ಚಿಕಿತ್ಸೆ ಮಾಡಿ ವರದಿ ಪ್ರಕಟಿಸಿದ. ಹುಡುಗನಿಗೆ ಮೊದಮೊದಲು ಕಂಡದ್ದೆಲ್ಲ ಕಣ್ಣಿಗೇ ತಾಗಿದಂತೆ ಅನ್ನಿಸಿತು. ಯಾವ ವಸ್ತುವಿನ ಆಕಾರವೂ ಗೊತ್ತಾಗಲಿಲ್ಲ. ಬೆಕ್ಕು ಯಾವುದು, ನಾಯಿ ಯಾವುದು ಎಂದು ಮರೆತುಹೋಗುತ್ತಿತ್ತು. ಕೇಳಲು ನಾಚಿ, ಬೆಕ್ಕನ್ನು ಹಿಡಿದು ಮೈಯೆಲ್ಲ ಸವರಿ, ಅದನ್ನೇ ದಿಟ್ಟಿಸಿ ನೋಡಿ, ಇನ್ನೊಂದು ಸಲ ನಿನ್ನನ್ನು ಗುರುತಿಸುತ್ತೇನೆ ಎಂದನಂತೆ. ಚಿತ್ರಪಟಗಳಲ್ಲಿ ಉಬ್ಬುತಗ್ಗು ಕಾಣಲು ಸುಮಾರು ಎರಡು ತಿಂಗಳು ಹಿಡಿಯಿತು. ಆಮೇಲೆ ಅವನ್ನು ಮುಟ್ಟಿದರೆ ಚಪ್ಪಟೆ. ಸುಳ್ಳು ಹೇಳುತ್ತಿರುವುದು ಯಾವುದು, ಕಣ್ಣೋ ಕೈಯೋ ಎಂದು ಕೇಳಿದ. ಅಪ್ಪನ ಇಷ್ಟು ದೊಡ್ಡ ಮುಖ ಅಮ್ಮನ ಗಡಿಯಾರದೊಳಗಿನ ಚಿಕ್ಕ ಚಿತ್ರದಲ್ಲಿ ಹೇಗೆ ಹಿಡಿಸಿತು ಎಂದು ಬೆರಗಾದ.

ಬರ್ಕ್ಲಿ ಇದನ್ನು ತನ್ನ ಗೆಲುವೆಂದು ಎಣಿಸಿ 1733ರಲ್ಲಿ ಉಲ್ಲೇಖಿಸಿದ. ವಾಲ್ಟೇರ್ ಫ್ರಾನ್ಸಿನಲ್ಲೆಲ್ಲ ಹರಡಿದ. ಆದರೆ ಈ ವರದಿಯನ್ನು ಉತ್ತರವೆಂದು ತೆಗೆದುಕೊಳ್ಳಲು ಬರುವುದಿಲ್ಲ. ಆ ಕಾಲದ ವಿಧಾನದಲ್ಲಿ ಪೊರೆಗಟ್ಟಿದ ಮಸೂರವನ್ನು ಸೂಜಿಯಿಂದ ಒತ್ತಿ ಪಾಪೆಗೆ ಅಡ್ಡವಾಗದಂತೆ ಕೆಳಕ್ಕೆ ತಳ್ಳುತ್ತಿದ್ದರು. ಬೆಳಕೇನೋ ಒಳಗೆ ಬರುತ್ತದೆ. ಮಸೂರ ಇಲ್ಲದ ಕಣ್ಣಿಗೆ +10ಕ್ಕೂ ಹೆಚ್ಚು ಪವರಿನ ಕನ್ನಡಕ ಹಾಕದಿದ್ದರೆ ಎಲ್ಲವೂ ಕಲಸುಮೇಲೋಗರ. ಅಂಥ ಕಣ್ಣಿನ ಮುಂದೆ ಘನ ಇಟ್ಟರೆ ಮೂಲೆಗಳೇ ಕರಗಿಹೋಗಿರುತ್ತವೆ. ಗುರುತಿಸಲಿಲ್ಲ ಎಂದರೆ ಕಲ್ಪನೆ ಬೇರೆ ಎಂದಲ್ಲ, ಚಿತ್ರವೇ ಮೂಡಲಿಲ್ಲ ಎಂದು. ಹುಟ್ಟಿನಿಂದ ಪೊರೆ ಇದ್ದವರ ಕಣ್ಣುಗುಡ್ಡೆ ನಿಲ್ಲದೆ ಅಲುಗಾಡುವುದೂ ಸಾಮಾನ್ಯ. ಜೊತೆಗೆ ಚೆಸಲ್ಡನ್ ಗೋಳ-ಘನದ ಪರೀಕ್ಷೆಯನ್ನೇ ಮಾಡಿರಲಿಲ್ಲ.

ಫ್ರೆಂಚ್ ಚಿಂತಕ ಡಿಡೆರೋ 1749ರಲ್ಲಿ ಕುರುಡರ ಬಗ್ಗೆ ಬರೆದ ಪತ್ರದಲ್ಲಿ ಈ ದೋಷಗಳನ್ನು ಸರಿಯಾಗಿ ಹಿಡಿದ. (ಆ ಬರಹ ಅವನನ್ನು ಅದೇ ವರ್ಷ ವ್ಯಾನ್ಸೆನ್ ಕೋಟೆಯ ಸೆರೆಗೆ ತಳ್ಳಿತು.) ಕಣ್ಣು ಮಾಗಲು ಬಿಡಿ, ಕತ್ತಲೆ ಕೋಣೆಯಲ್ಲಿಟ್ಟು ಬೆಳಕನ್ನು ಸ್ವಲ್ಪಸ್ವಲ್ಪವೇ ಕೊಡಿ, ಪ್ರಶ್ನೆ ಕೇಳುವವರೂ ತಿಳಿದವರಾಗಿರಲಿ ಎಂದ. ಎದುರಿಗಿರುವವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂದೂ ಹೇಳಿದ. ಕೇಂಬ್ರಿಜ್‌ನಲ್ಲಿ ಗಣಿತ ಪ್ರಾಧ್ಯಾಪಕನಾಗಿದ್ದ ಅಂಧ ವಿದ್ವಾಂಸ ನಿಕೋಲಸ್ ಸಾಂಡರ್ಸನ್‌ನಂಥವನ ಮುಂದೆ ವೃತ್ತ, ಚೌಕ ಇಟ್ಟರೆ ಅವನು ತರ್ಕದಿಂದ ತೀರ್ಮಾನಿಸಿಯಾನು. ಗಣಿತ ಗೊತ್ತಿಲ್ಲದವನು ಹಾಗೆ ಮಾಡಲಾರ.

ಇನ್ನು 20ನೆಯ ಶತಮಾನ. ಎಸ್.ಬಿ. ಎಂದು ಹೆಸರಾದ ಇಂಗ್ಲೆಂಡಿನ ಒಬ್ಬರು ಹತ್ತು ತಿಂಗಳ ಮಗುವಾಗಿದ್ದಾಗ ದೃಷ್ಟಿ ಕಳೆದುಕೊಂಡು, 52ನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಿಂದ ಮರಳಿ ಪಡೆದರು. ಅವರನ್ನು ಅಧ್ಯಯನ ಮಾಡಿದ ರಿಚರ್ಡ್ ಗ್ರೆಗರಿ ಮತ್ತು ಜೀನ್ ವಾಲೇಸ್ 1963ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ವಿವರಗಳು ಚಿನ್ನದಂಥವು. ಗಾಜು ತೆಗೆದ ಕಿಸೆಗಡಿಯಾರದ ಮುಳ್ಳುಗಳನ್ನು ಮುಟ್ಟಿ ಹೊತ್ತು ತಿಳಿಯುತ್ತಿದ್ದ ಅವರು ಗೋಡೆಗಡಿಯಾರವನ್ನು ಕಣ್ಣಿನಿಂದಲೇ ಓದಿದರು. ಅಂಧರ ಶಾಲೆಯಲ್ಲಿ ಉಬ್ಬಿಸಿ ಕೆತ್ತಿದ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬೆರಳಿನಿಂದ ಕಲಿತಿದ್ದರು, ಸಣ್ಣಕ್ಷರಗಳನ್ನು ಕಲಿಸಿರಲಿಲ್ಲ. ಕಣ್ಣು ಬಂದ ಮೇಲೆ ದೊಡ್ಡಕ್ಷರಗಳನ್ನು ಓದಿದರು, ಸಣ್ಣವನ್ನು ಓದಲಾಗಲಿಲ್ಲ. ಇದು ‘ಬಾ’-‘ಬೆಳಗಾವಿ’ಯ ಎಣಿಕೆಯಲ್ಲ. ಎರಡರಲ್ಲಿ ಒಂದನ್ನು ಆರಿಸುವುದಲ್ಲ, ಇಪ್ಪತ್ತಾರರಲ್ಲಿ ಒಂದನ್ನು ಹೆಸರಿಡಿದು ಹೇಳುವುದು. ಬೆರಳು ಕಲಿತ ಪಾಠ ಕಣ್ಣಿಗೆ ದಾಟಿದೆ. ಅದೇ ಮನುಷ್ಯ ಆಸ್ಪತ್ರೆಯ ಎತ್ತರದ ಕಿಟಕಿಯಿಂದ ಕೆಳಗೆ ನೋಡಿ, ಜೋತುಬಿದ್ದರೆ ಕಾಲು ನೆಲಕ್ಕೆ ತಾಗುತ್ತದೆ ಎಂದುಕೊಂಡಿದ್ದರು. ನೆಲ 30–40 ಅಡಿ ಕೆಳಗಿತ್ತು. ಮೊಲಿನ್ಯೂ ಕೈಬಿಟ್ಟ ದೂರದ ಪ್ರಶ್ನೆಗೆ ಉತ್ತರ ಒಂದು ರೀತಿ, ಉಳಿಸಿಕೊಂಡ ಆಕಾರದ ಪ್ರಶ್ನೆಗೆ ಇನ್ನೊಂದು ರೀತಿ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದಿತ್ತು. ಹತ್ತು ತಿಂಗಳ ಶೈಶವದ ನೋಟ ಅವರಲ್ಲಿ ಏನನ್ನಾದರೂ ಉಳಿಸಿತ್ತೇ ಎಂಬ ಅನುಮಾನ ಮಾತ್ರ ಹೋಗುವುದಿಲ್ಲ.

ಮೊಲಿನ್ಯೂನ ಷರತ್ತುಗಳಿಗೆ ಬಹಳ ಹತ್ತಿರ ಬಂದ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಶುರುಮಾಡಿದ ಪ್ರಾಜೆಕ್ಟ್ ಪ್ರಕಾಶ್, ಉತ್ತರ ಭಾರತದ ಹಳ್ಳಿಗಳಲ್ಲಿ ಚಿಕಿತ್ಸೆ ಸಿಗದೆ ಉಳಿದ ಮಕ್ಕಳನ್ನು ಹುಡುಕಿ ದೆಹಲಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಶ್ರೀಮಂತ ದೇಶಗಳಲ್ಲಿ ಹುಟ್ಟುಪೊರೆಯನ್ನು ಹಸುಗೂಸಿನಲ್ಲೇ ತೆಗೆದುಬಿಡುತ್ತಾರೆ, ಎಂಟು ವರ್ಷದವರೆಗೆ ಉಳಿಯುವುದಿಲ್ಲ. ಮುನ್ನೂರು ವರ್ಷದ ತಾತ್ವಿಕ ಪ್ರಶ್ನೆಗೆ ಉತ್ತರ ಕೊಡಬಲ್ಲ ಮಕ್ಕಳು ನಮ್ಮಲ್ಲಿ ಸಿಕ್ಕಿದ್ದು ಆ ಕೊರತೆಯಿಂದ. ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗದಿದ್ದರೆ ಆ ಅಂಕಿಗಳನ್ನು ನಾವು ಸರಿಯಾಗಿ ಓದಿಲ್ಲ.

2011ರಲ್ಲಿ ಪ್ರಕಟವಾದ ಫಲಿತಾಂಶ ಇದು. 8ರಿಂದ 17 ವರ್ಷದ ಐದು ಮಕ್ಕಳು. ಮಕ್ಕಳ ಆಟದ ಬ್ಲಾಕುಗಳಂಥ ತುಂಡುಗಳ 20 ಜೋಡಿ, ಕಣ್ಣಿಗೆ ಸಾಕಷ್ಟು ದೊಡ್ಡವು. ಶಸ್ತ್ರಚಿಕಿತ್ಸೆಯಾದ 48 ಗಂಟೆಯೊಳಗೆ ಪರೀಕ್ಷೆ. ಒಂದು ತುಂಡನ್ನು ಕೊಟ್ಟು ಆಮೇಲೆ ಎರಡನ್ನು ಮುಂದಿಟ್ಟು, ಮೊದಲಿನದು ಯಾವುದು ಎಂದು ಕೇಳುವುದು. ಸುಮ್ಮನೆ ಊಹಿಸಿದರೂ ನೂರಕ್ಕೆ 50 ಸರಿ ಬರುತ್ತದೆ. ಮುಟ್ಟಿದ್ದನ್ನು ಮುಟ್ಟಿ ಗುರುತಿಸುವುದರಲ್ಲಿ ಶೇ. 98. ಕಂಡದ್ದನ್ನು ಕಂಡು ಗುರುತಿಸುವುದರಲ್ಲಿ ಶೇ. 92. ಮುಟ್ಟಿದ್ದನ್ನು ಕಂಡು ಗುರುತಿಸುವುದರಲ್ಲಿ ಶೇ. 58. ಈ ನಡುವಿನ 92ರಲ್ಲೇ ಪ್ರಯೋಗದ ಜಾಣ್ಮೆ ಇರುವುದು: ‘ಅವರಿಗೆ ಕಾಣುತ್ತಲೇ ಇರಲಿಲ್ಲ’ ಎಂದು ಚೆಸಲ್ಡನ್‌ಗೆ ಹೇಳಿದಂತೆ ಇಲ್ಲಿ ಹೇಳಲಾಗದು. ಕೆಲವು ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ, ಐದೇ ದಿನಗಳ ಅಂತರದಲ್ಲೂ, ಅಂಕ ಬಹಳ ಏರಿತ್ತು.

ಮೊಲಿನ್ಯೂ ಗೆದ್ದ ಎಂದು ಪತ್ರಿಕೆಗಳು ಬರೆದವು. ನನಗೆ ಅಷ್ಟು ಧೈರ್ಯ ಬರುವುದಿಲ್ಲ. ಕಂಡದ್ದನ್ನು ಕಂಡು ಹೊಂದಿಸಲು ಆಕಾರವೇ ತಿಳಿಯಬೇಕೆಂದಿಲ್ಲ, ಅಂಚಿನ ಗೆರೆ, ನೆರಳಿನ ಕಲೆ ಸರಿಹೊಂದಿದರೂ ಸಾಕು. ಬ್ಲಾಕು ಮೂರು ಆಯಾಮದ್ದು. ಒಂದೇ ಕಡೆಯಿಂದ ನೋಡಿ ಅದರ ದಪ್ಪವನ್ನು ಗ್ರಹಿಸುವುದೇ ಪ್ರತ್ಯೇಕ ವಿದ್ಯೆ, ಲಾಕ್‌ನ ಚಪ್ಪಟೆ ವೃತ್ತದ ತೊಡಕು ಇಲ್ಲೂ ಇದೆ. ಜಾನ್ ಶ್ವೆಂಕ್ಲರ್ ಎಂಬ ತತ್ವಶಾಸ್ತ್ರಜ್ಞ ಇದನ್ನೇ ಎತ್ತಿ, ವಸ್ತುವನ್ನು ತಿರುಗಿಸಿ ತೋರಿಸಿ, ಸುತ್ತ ನಡೆಯಲು ಬಿಡಿ, ಇಲ್ಲವೇ ಉಬ್ಬುಗೆರೆಯ ಚಪ್ಪಟೆ ಚಿತ್ರಗಳನ್ನು ಬಳಸಿ ಎಂದರು. ಡಿಡೆರೋ ಕೇಳಿದ್ದ ವೃತ್ತ-ಚೌಕಗಳೇ ಮತ್ತೆ. ಇನ್ನೊಂದು ತೊಡಕು ಪ್ರಶ್ನೆಯೊಳಗೇ ಇದೆ: ‘ದೊಡ್ಡವನಾಗಿರಬೇಕು’ ಎಂಬ ಷರತ್ತು. ವರ್ಷಗಟ್ಟಲೆ ಬೆಳಕಿಲ್ಲದ ಮಿದುಳು ಕಾಯುತ್ತಾ ಹಾಗೆಯೇ ಕೂತಿರುವುದಿಲ್ಲ, ಬದಲಾಗುತ್ತದೆ. ಸ್ಪರ್ಶದ ಅಭ್ಯಾಸ ಗಟ್ಟಿಯಾಗಲಿ ಎಂದು ಕೊಟ್ಟ ಸಮಯದಲ್ಲೇ ನೋಟದ ಜನ್ಮಜಾತ ಸಾಮರ್ಥ್ಯವೇನಾದರೂ ಇದ್ದರೆ ಅದು ಕಳೆದುಹೋಗಿರಬಹುದು.

ಆದರ್ಶ ಪರೀಕ್ಷೆ ಹೇಗಿರಬೇಕು ಎಂದು ಕಾಗದದ ಮೇಲೆ ಬರೆಯುವುದು ಕಷ್ಟವಲ್ಲ. ರಟ್ಟಿನ ಮೇಲೆ ಉಬ್ಬುಗೆರೆಯ ವೃತ್ತ, ಚೌಕ, ತ್ರಿಕೋನ; ನೋಡಲು ಅದೇ ಗಾತ್ರದ ಕಪ್ಪು ಗೆರೆಯ ಚಿತ್ರಗಳು; ಸರಿಯಾದ ಪವರಿನ ಮಸೂರ; ಎರಡರಲ್ಲಿ ಒಂದನ್ನು ಆರಿಸುವ ಬದಲು ಹೆಸರು ಹೇಳಿಸುವುದು; ಉತ್ತರ ಸರಿಯೋ ತಪ್ಪೋ ಎಂದು ತಿಳಿಸದಿರುವುದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಾವೇ ಮಾಡಿ ನೋಡುವುದರಿಂದ ಏನೂ ಸಿಗುವುದಿಲ್ಲ, ನಮ್ಮ ಬೆರಳು ಮುಟ್ಟಿದ ಕೂಡಲೇ ಒಳಗಿನ ಕಣ್ಣು ಚಿತ್ರ ಬರೆದಿರುತ್ತದೆ. ಬಿಡಿಸಲಾಗದ ಗಂಟು ಸಮಯದ್ದು. ಡಿಡೆರೋ ಹೇಳಿದಂತೆ ಕಣ್ಣು ಮಾಗಲು ಬಿಟ್ಟರೆ ಲಾಕ್ ಕೇಳಿದ ‘ಮೊದಲ ನೋಟ’ ದಾಟಿಹೋಗುತ್ತದೆ. ತಕ್ಷಣ ಪರೀಕ್ಷಿಸಿದರೆ ಕಣ್ಣು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಕೈಯನ್ನೂ ಕಣ್ಣನ್ನೂ ಬೇರೆ ಬೇರೆ ಇಡಲು ಯಾವ ಆಸ್ಪತ್ರೆಗೂ ಸಾಧ್ಯವಿಲ್ಲ, ಇಡಲೂಬಾರದು. ಪಟ್ಟಿ ಬಿಚ್ಚಿದ ಮಗುವಿನ ಮುಂದೆ ಊಟದ ತಟ್ಟೆ ಇಡುತ್ತಾರೆ. ಆ ದುಂಡನೆಯ ಹೊಳಪು ಏನೆಂದು ಕಣ್ಣು ಕೇಳಿಕೊಳ್ಳುವಷ್ಟರಲ್ಲಿ ಕೈ ಅದರ ಅಂಚನ್ನು ಹಿಡಿದಿರುತ್ತದೆ.